ಮೋಡಲ್ ಕಲಿತರೆ ಸಾಲದು, ಅದರ ಎಡಗಡೆಯನ್ನೂ ಕಲಿಯಬೇಕು

ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಇಂಗ್ಲಿಷಿನ ಈ ಒಂಬತ್ತು ಮೋಡಲ್‌ಗಳನ್ನು, ಅಂದರೆ ಬೇಕು, ಬಹುದು ಥರದ ಅರ್ಥ ಕೊಡುವ ಸಹಾಯಕ ಕ್ರಿಯಾಪದಗಳನ್ನು, ಪಳಗಿಸಲು ಎಲ್ಲರೂ ಮಾಡುವಂತೆ ನಾನೂ ಮೊದಲು ಒಂದು ಕೋಷ್ಟಕ ಹಾಕಿದೆ. ಏಳು ಸರ್ವನಾಮ, ಒಂಬತ್ತು ಮೋಡಲ್, ಒಟ್ಟು 63 ಮನೆ. ತುಂಬಿಸಿ ನೋಡಿದರೆ ಯಾವ ಮನೆಯಲ್ಲೂ ಏನೂ ಬದಲಾಗಿಲ್ಲ: ಐ ಕ್ಯಾನ್, ಹಿ ಕ್ಯಾನ್, ದೇ ಕ್ಯಾನ್. ಆ ಕೋಷ್ಟಕವನ್ನು ಉರು ಹೊಡೆಯುವುದು ದಂಡ. ಕನ್ನಡಿಗರಿಗಂತೂ ಇದು ಹೊಸ ವಿಷಯವೇ ಅಲ್ಲ. ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ ಎಂದು ಬಾಲ ಬದಲಿಸುವ ನಮ್ಮ ಕ್ರಿಯಾಪದವೂ ಬೇಕು, ಬಹುದು, ಬಾರದು ಸೇರಿದ ಕೂಡಲೇ ಬಾಲ ಮಡಚಿಕೊಳ್ಳುತ್ತದೆ: ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ಬರಲಾರೆ, ಬರಲಾರ, ಬರಲಾರರು ಎಂಬ ರೂಪ ಮಾತ್ರ ಇದಕ್ಕೆ ಹೊರತು.

ಹೀಗಿದ್ದೂ 'ಹಿ ಕ್ಯಾನ್ ಗೋಸ್' ಎಂಬ ತಪ್ಪು ಹುಟ್ಟುವುದು 'ಹಿ ಬಂದರೆ ಎಸ್ ಹಚ್ಚು' ಎಂಬ ಪಾಠವನ್ನು ಅತಿಯಾಗಿ ಅರಗಿಸಿಕೊಂಡಿದ್ದರಿಂದ. ಮೋಡಲ್ ಬಂದಿತೆಂದರೆ ಆ ಎಸ್‌ಗೆ ಎಲ್ಲೂ ಜಾಗವಿಲ್ಲ, ಮೋಡಲ್ ಮೇಲೂ ಇಲ್ಲ, ಮುಂದಿನ ಕ್ರಿಯಾಪದದ ಮೇಲೂ ಇಲ್ಲ. 'ಮಸ್ಟ್ ಟು ಗೋ', 'ಕ್ಯಾನ್ ಏಬಲ್ ಟು', 'ವಿಲ್ ಕ್ಯಾನ್' ಕೂಡ ಇದೇ ಗುಂಪಿನವು. ಒಂದು ಮೋಡಲ್, ಅದರ ಹಿಂದೆಯೇ ಬರಿಯ ಕ್ರಿಯಾಪದ, ಅಷ್ಟೇ. ಇದಕ್ಕೆ ಒಂದು ದಿನಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ.

ನಿಜವಾದ ಕೆಲಸ ಇರುವುದು ಮೋಡಲ್‌ನ ಎಡಗಡೆ. ಅಲ್ಲಿ ಸರ್ವನಾಮ ಕೂರುತ್ತದೆ, ಇಲ್ಲವೇ ಎವ್ರಿ, ಆಲ್, ನೋ, ಎನಿ, ಸಮ್ ಎಂಬ ಡಿಟರ್ಮಿನರ್ (ಯಾವುದು, ಎಷ್ಟು ಎಂದು ತೋರಿಸುವ ಪದ) ಹೊತ್ತ ನಾಮಪದ ಕೂರುತ್ತದೆ. ನಾನು ಪ್ರತಿ ವಾಕ್ಯವನ್ನೂ ಮೂರು ಮನೆ ಮಾಡಿ ಬರೆಯುತ್ತೇನೆ: ಯಾರು, ಮೋಡಲ್, ಕ್ರಿಯಾಪದ. ಮೊದಲ ಮನೆ ಖಾಲಿ ಬಿಡುವಂತಿಲ್ಲ. 'ನಾಳೆ ಬರಬಹುದು' ಎಂದು ನಾವು ಹೇಳಿದರೆ ಯಾರು ಎಂಬುದು ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಹಿ, ಶಿ, ದೇ, ಇಟ್ ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಮಳೆ ಬರಬಹುದು ಎನ್ನಲು ಯಾರೂ ಇಲ್ಲದಿದ್ದರೂ ಇಟ್ ಎಂಬ ಬೆದರುಬೊಂಬೆ ಬೇಕು: 'ಇಟ್ ಮೇ ರೇನ್'. ನಮ್ಮ ವಿಭಕ್ತಿ ಏನೇ ಇರಲಿ, ಆ ಮನೆಯಲ್ಲಿ ಪ್ರಥಮಾ ರೂಪವೇ. ನನಗೆ ಈಜಲು ಬರುತ್ತದೆ, ನನ್ನಿಂದ ಆಗುವುದಿಲ್ಲ, ನಾನು ಬರಲಾರೆ: 'ಗೆ', 'ಇಂದ' ಎಲ್ಲವೂ ಕಳಚಿ ಮೂರೂ ಕಡೆ ಐ ಎಂದೇ ಆಗುತ್ತದೆ.

ಸರ್ವನಾಮದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕನ್ನಡ ಗೌರವವನ್ನು ಸರ್ವನಾಮದಲ್ಲಿ ಇಡುತ್ತದೆ: ನೀನು, ನೀವು, ತಾವು. ಇಂಗ್ಲಿಷಿಗೆ ಇರುವುದು ಒಂದೇ ಯು, ಹಾಗಾಗಿ ಆ ಭಾರವನ್ನು ಮೋಡಲ್ ಹೊರುತ್ತದೆ. 'ಬಾಗಿಲು ಹಾಕ್ತೀಯಾ' ಎನ್ನುವಲ್ಲಿ 'ಕ್ಯಾನ್ ಯು', 'ಬಾಗಿಲು ಹಾಕ್ತೀರಾ' ಎನ್ನುವಲ್ಲಿ 'ಕುಡ್ ಯು' ಅಥವಾ 'ವುಡ್ ಯು'. ಇಲ್ಲಿ ಕುಡ್ ಭೂತಕಾಲ ಅಲ್ಲ, ಅದು ಬಹುವಚನದ ಬದಲಿಗೆ ಬಂದ ಮರ್ಯಾದೆ. ಇದಕ್ಕೆ ತಲೆಕೆಳಗಾದ ತಪ್ಪು, ಒಬ್ಬ ಹಿರಿಯರನ್ನು ಕುರಿತ 'ಅವರು ಬರಬಹುದು' ಎಂಬುದನ್ನು 'ದೇ ಮೇ ಕಮ್' ಮಾಡುವುದು. ಗೌರವಕ್ಕಾಗಿ ದೇ ಬರುವುದಿಲ್ಲ, ಹಿ ಅಥವಾ ಶಿ ಸಾಕು.

ಈಗ ಡಿಟರ್ಮಿನರ್. ನನ್ನ ಅಭ್ಯಾಸದ ಮುಕ್ಕಾಲು ಪಾಲು ಹೋಗುವುದು ಇಲ್ಲಿಗೇ, ಹೋಗಬೇಕಾದ್ದೂ ಇಲ್ಲಿಗೇ.

'ಯಾರೂ ಒಳಗೆ ಬರುವಂತಿಲ್ಲ.' ಇದನ್ನು ಪದಕ್ಕೆ ಪದ ಇಟ್ಟರೆ 'ಎನಿಬಡಿ ಕೆನಾಟ್ ಎಂಟರ್' ಆಗುತ್ತದೆ, ಅದು ತಪ್ಪು. ಕನ್ನಡದ ನಿಷೇಧ ವಾಕ್ಯದ ತುದಿಯಲ್ಲಿರುತ್ತದೆ, ಯಾರೂ ಎಂಬುದು ಮೊದಲೇ ಬಂದು ಅದಕ್ಕಾಗಿ ಕಾದಿರುತ್ತದೆ. ಇಂಗ್ಲಿಷಿನ ಎನಿಗೆ ಹಾಗೆ ಕಾಯಲು ಬಾರದು. ನಿಷೇಧ ಅದಕ್ಕಿಂತ ಮೊದಲೇ ಬಂದಿರಬೇಕು. ಆದ್ದರಿಂದ ತುದಿಯ 'ಇಲ್ಲ'ವನ್ನು ಕಿತ್ತು ತಂದು ಮೊದಲ ಮನೆಯ ಡಿಟರ್ಮಿನರ್‌ಗೆ ಅಂಟಿಸುತ್ತೇನೆ: 'ನೋಬಡಿ ಕ್ಯಾನ್ ಎಂಟರ್'. ಅಂಟಿಸಿದ ಮೇಲೆ ಮೋಡಲ್ ಬಳಿ ಮತ್ತೆ ನಾಟ್ ಇಡಬಾರದು. ಇಬ್ಬರಲ್ಲಿ ಯಾರೂ ಈಜಲಾರರು ಎಂಬುದೂ ಹಾಗೆಯೇ 'ನೈದರ್ ಆಫ್ ದೆಮ್ ಕ್ಯಾನ್ ಸ್ವಿಮ್', ಕಾಂಟ್ ಅಲ್ಲ. ಅದೇ ಯಾರೂ, ಯಾವುದೂ ಕ್ರಿಯಾಪದದ ಬಲಗಡೆಗೆ ಹೋದರೆ ಎನಿ ಸರಿಹೋಗುತ್ತದೆ: 'ಯು ಮಸ್ಟಂಟ್ ಟೆಲ್ ಎನಿಬಡಿ'. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ ಯಾರನ್ನೂ ಗುಲಾಮರನ್ನಾಗಿ ಇಡಕೂಡದು ಎಂಬ ನಾಲ್ಕನೇ ವಿಧಿ ಶುರುವಾಗುವುದು 'ನೋ ಒನ್ ಶಲ್' ಎಂದೇ. ನಿಷೇಧ ಮೊದಲ ಪದಕ್ಕೇ ಬಂದು ಕೂತಿದೆ.

ನಿಷೇಧವಿಲ್ಲದ ಕಡೆ ಎನಿ ಬೇರೆಯೇ ಪ್ರಾಣಿ. 'ಯಾರಾದರೂ ಬರಬಹುದು' ಎಂದಾಗ ನಮ್ಮ ಮನಸ್ಸಿನಲ್ಲಿ ಎರಡು ಅರ್ಥ ಇರಬಹುದು. ಯಾರೋ ಬರುವ ಸಾಧ್ಯತೆ ಇದೆ ಎಂದಾದರೆ 'ಸಮ್‌ಬಡಿ ಮೈಟ್ ಕಮ್'. ಬರಲು ಎಲ್ಲರಿಗೂ ಬಾಗಿಲು ತೆರೆದಿದೆ ಎಂದಾದರೆ 'ಎನಿಬಡಿ ಕ್ಯಾನ್ ಕಮ್'. ನಾನು ಬಳಸುವ ಪರೀಕ್ಷೆ ಒಂದೇ: ಆ ಜಾಗದಲ್ಲಿ 'ಯಾರು ಬೇಕಾದರೂ' ಇಟ್ಟು ನೋಡುವುದು. ಕೂತರೆ ಎನಿ, ಕೂರದಿದ್ದರೆ ಸಮ್. ಯಾವ ಪುಸ್ತಕ ಬೇಕಾದರೂ ತಗೋ, 'ಯು ಕ್ಯಾನ್ ಟೇಕ್ ಎನಿ ಬುಕ್'. ಕನ್ನಡ ಈ ಆಯ್ಕೆಯ ಸ್ವಾತಂತ್ರ್ಯವನ್ನು ಹೇಳಲು 'ಬೇಕು' ಎಂಬ ಮೋಡಲನ್ನೇ ಡಿಟರ್ಮಿನರ್ ಒಳಗೆ ಹೊಲಿದುಬಿಟ್ಟಿದೆ ಎಂಬುದು ನೋಡಲು ಸೊಗಸು.

ಆಲ್ ಜೊತೆ ನಾಟ್ ಸೇರಿದರೆ ಜಗಳ ಖಾತ್ರಿ. 'ಆಲ್ ಸ್ಟೂಡೆಂಟ್ಸ್ ಮೇ ನಾಟ್ ಲೀವ್' ಎಂಬ ಒಂದು ವಾಕ್ಯಕ್ಕೆ ಮೂರು ಅರ್ಥ ಬರುತ್ತದೆ: ಒಂದು, ಯಾರೂ ಹೋಗುವಂತಿಲ್ಲ; ಎರಡು, ಹೋಗಲು ಕೆಲವರಿಗೆ ಅನುಮತಿ ಇದೆ, ಎಲ್ಲರಿಗೂ ಅಲ್ಲ; ಮೂರು, ಎಲ್ಲರೂ ಹೋಗದೇ ಇರುವ ಸಾಧ್ಯತೆ ಇದೆ. ಸೂಚನಾ ಫಲಕಕ್ಕೆ ಇಂಥದ್ದನ್ನು ಬರೆಯಲೇಬಾರದು. ಮೊದಲನೆಯದಕ್ಕೆ 'ನೋ ಸ್ಟೂಡೆಂಟ್ ಮೇ ಲೀವ್', ಎರಡನೆಯದಕ್ಕೆ 'ನಾಟ್ ಆಲ್ ಸ್ಟೂಡೆಂಟ್ಸ್ ಮೇ ಲೀವ್', ಮೂರನೆಯದಕ್ಕೆ ಮೇ ಬಿಟ್ಟು ಮೈಟ್: 'ನಾಟ್ ಆಲ್ ದಿ ಸ್ಟೂಡೆಂಟ್ಸ್ ಮೈಟ್ ಲೀವ್' ಎನ್ನುವುದಕ್ಕಿಂತ 'ಸಮ್ ಸ್ಟೂಡೆಂಟ್ಸ್ ಮೈಟ್ ಸ್ಟೇ' ಎಂದು ತಿರುಗಿಸುವುದು ಒಳ್ಳೆಯದು.

ಬಾರದು ಮತ್ತು ಬೇಕಾಗಿಲ್ಲ ಎಂಬ ವ್ಯತ್ಯಾಸವನ್ನು ಮಸ್ಟ್ ಮತ್ತು ಹ್ಯಾವ್ ಟು ಹಂಚಿಕೊಳ್ಳುತ್ತವೆ. 'ನೋಬಡಿ ಮಸ್ಟ್ ನೋ' ಎಂದರೆ ಯಾರಿಗೂ ಗೊತ್ತಾಗಬಾರದು. 'ನೋಬಡಿ ಹ್ಯಾಸ್ ಟು ನೋ' ಎಂದರೆ ಯಾರಿಗೂ ಗೊತ್ತಾಗಲೇಬೇಕೆಂದಿಲ್ಲ. ಹ್ಯಾವ್ ಟು ಶುದ್ಧ ಮೋಡಲ್ ಅಲ್ಲ, ಅದಕ್ಕೇ ಹ್ಯಾಸ್ ಆಗಿ ಎಸ್ ಮರಳಿ ಬಂತು ನೋಡಿ. ಶುದ್ಧ ಮೋಡಲ್‌ಗೆ ಎಸ್ ಬೇಡದ ಗುಣವನ್ನು ಉಪಾಯವಾಗಿಯೂ ಬಳಸಬಹುದು. 'ಈಚ್ ಆಫ್ ದಿ ರೂಮ್ಸ್' ಮುಂದೆ ಹ್ಯಾಸ್ ಬರಬೇಕೋ ಹ್ಯಾವ್ ಬರಬೇಕೋ ಎಂದು ಕೈ ತಡೆದರೆ, ಅರ್ಥ ಒಪ್ಪುವಲ್ಲಿ ಮಸ್ಟ್ ಅಥವಾ ಶುಡ್ ಹಾಕಿದರೆ ಪ್ರಶ್ನೆಯೇ ಮಾಯ: 'ಈಚ್ ಆಫ್ ದಿ ರೂಮ್ಸ್ ಮಸ್ಟ್ ಹ್ಯಾವ್ ಎ ವಿಂಡೋ'. (ಸರಿಯುತ್ತರ ಹ್ಯಾಸ್. ಈಚ್ ಏಕವಚನ.)

ಆಲ್, ಬೋತ್, ಈಚ್ ಈ ಮೂರಕ್ಕೆ ಸರ್ವನಾಮವನ್ನು ಬಿಟ್ಟು ಮೋಡಲ್ ದಾಟಿ ಹಾರುವ ಚಾಳಿ ಇದೆ. 'ವಿ ಆಲ್ ಮಸ್ಟ್ ಗೋ' ತಪ್ಪಲ್ಲ, ಆದರೆ ಕಿವಿಗೆ ಸಹಜವಾಗಿ ಬೀಳುವುದು 'ವಿ ಮಸ್ಟ್ ಆಲ್ ಗೋ', 'ಯು ಶುಡ್ ಬೋತ್ ಕಮ್'. ಎವ್ರಿಗೆ ಈ ಹಾರಾಟ ಇಲ್ಲ, ಅದಕ್ಕೆ ನಾಮಪದದ ಕೈ ಬಿಡಲು ಬಾರದು. ಕ್ರಿಯಾಪದ ಬಿಟ್ಟ ಚುಟುಕು ಉತ್ತರದಲ್ಲಿ ಮಾತ್ರ ಇವು ಹಾರದೆ ಹಿಂದೆಯೇ ನಿಲ್ಲುತ್ತವೆ: 'ಯೆಸ್, ವಿ ಆಲ್ ಕ್ಯಾನ್'. ಹಿಮ್‌ಸೆಲ್ಫ್ ನಮ್ಮ 'ತಾನೇ' ಇರುವ ಜಾಗಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. 'ಹಿ ಕ್ಯಾನ್ ಹಿಮ್‌ಸೆಲ್ಫ್ ಡೂ ಇಟ್' ಬದಲು ಅದನ್ನು ಕೊನೆಗೆ ತಳ್ಳುತ್ತೇನೆ: 'ಹಿ ಕ್ಯಾನ್ ಡೂ ಇಟ್ ಹಿಮ್‌ಸೆಲ್ಫ್'.

ಎ ಮತ್ತು ದಿ ವಿಷಯದಲ್ಲಿ ಬಲಗಡೆಯ ಕರ್ಮಪದಕ್ಕೆ ಒಂದು ಸುಳಿವು ಕನ್ನಡದಲ್ಲೇ ಸಿಗುತ್ತದೆ. ಪುಸ್ತಕ ತರಬೇಕು ಎಂದರೆ ಸಾಮಾನ್ಯವಾಗಿ ಯಾವುದೋ ಒಂದು, 'ಐ ಮಸ್ಟ್ ಬ್ರಿಂಗ್ ಎ ಬುಕ್'. ಪುಸ್ತಕವನ್ನು ತರಬೇಕು ಎಂದರೆ ಹೆಚ್ಚಾಗಿ ಗೊತ್ತಿರುವ ಪುಸ್ತಕ, ದಿ ಬುಕ್. 'ಅನ್ನು' ನೂರಕ್ಕೆ ನೂರು ನಂಬಿಕಸ್ತನಲ್ಲ, ಮನುಷ್ಯರನ್ನು ಹೇಳುವಾಗ ಹೇಗೂ ಬಂದುಬಿಡುತ್ತದೆ. ವಸ್ತುಗಳಿಗೆ ಮಾತ್ರ ಈ ಸುಳಿವು ಹಿಡಿಯುವುದು ಕ್ಷೇಮ.

ಶಲ್ ಬಗ್ಗೆ ಹಳೆಯ ವ್ಯಾಕರಣಗಳು ಐ, ವಿ ಜೊತೆ ಶಲ್, ಉಳಿದವಕ್ಕೆ ವಿಲ್ ಎನ್ನುತ್ತವೆ. ಜಾನ್ ವಾಲಿಸ್ 1653ರಲ್ಲಿ ಬರೆದ ಲ್ಯಾಟಿನ್ ಭಾಷೆಯ ಇಂಗ್ಲಿಷ್ ವ್ಯಾಕರಣದಲ್ಲೇ ಈ ನಿಯಮ ಇದೆ. ಈಗಿನ ಮಾತಿನಲ್ಲಿ ಉಳಿದಿರುವುದು ಮುಖ್ಯವಾಗಿ 'ಶಲ್ ಐ', 'ಶಲ್ ವಿ' ಎಂಬ ಪ್ರಶ್ನೆಗಳು, ಅಂದರೆ ನಮ್ಮ 'ಮಾಡಲಾ', 'ಹೋಗೋಣವಾ'. ಉಳಿದೆಡೆ ವಿಲ್ ಹಾಕಿದರೆ ನಡೆಯುತ್ತದೆ.

ಕೊನೆಗೆ ಟ್ಯಾಗ್ ಪ್ರಶ್ನೆಗಳು, ಅಂದರೆ ನಮ್ಮ 'ಅಲ್ಲವೇ' ಥರ ವಾಕ್ಯದ ತುದಿಗೆ ಅಂಟಿಸುವ ಕಿರುಪ್ರಶ್ನೆಗಳು, ಏಕೆಂದರೆ ಇಷ್ಟೂ ಕಲಿತದ್ದು ಒಟ್ಟಿಗೆ ಪರೀಕ್ಷೆಗೆ ಬರುವುದು ಅಲ್ಲೇ. ಮೋಡಲ್ ಅದೇ ಇರಬೇಕು, ಡಿಟರ್ಮಿನರ್ ಕಳಚಿ ಸರ್ವನಾಮ ಬರಬೇಕು, ನಿಷೇಧ ತಿರುವುಮುರುವಾಗಬೇಕು. 'ಎವ್ರಿಬಡಿ ಶುಡ್ ಕಮ್, ಶುಡಂಟ್ ದೇ?' ಎವ್ರಿಬಡಿ ಏಕವಚನವಾದರೂ ಟ್ಯಾಗಿನಲ್ಲಿ ದೇ. 'ನೋಬಡಿ ಕ್ಯಾನ್ ಎಂಟರ್, ಕ್ಯಾನ್ ದೇ?' ನೋ ಆಗಲೇ ನಿಷೇಧ, ಆದ್ದರಿಂದ ಟ್ಯಾಗಿಗೆ ನಾಟ್ ಇಲ್ಲ. 'ಫ್ಯೂ ಪೀಪಲ್ ಕುಡ್ ಸೀ ಇಟ್, ಕುಡ್ ದೇ?' ಫ್ಯೂ ಎಂದರೆ ಕೆಲವರು ಅಲ್ಲ, ಬಹುಮಟ್ಟಿಗೆ ಯಾರೂ ಇಲ್ಲ. ಹಾಗಾಗಿ ಅದೂ ನಿಷೇಧದ ಲೆಕ್ಕವೇ. ಎ ಫ್ಯೂ ಎಂದು ಒಂದು ಎ ಸೇರಿಸಿದರೆ ಸಾಕು, ಟ್ಯಾಗ್ 'ಕುಡಂಟ್ ದೇ' ಆಗಿಬಿಡುತ್ತದೆ.