ಡಿವಿಷನ್ ತ್ರೀ ಫುಟ್‌ಬಾಲ್ ಹರಟೆಗೆ ಕೂರುವ ಮುನ್ನ

ಅಮೆರಿಕದ ಕಾಲೇಜ್ ಫುಟ್‌ಬಾಲ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಅಲಬಾಮಾ, ಮಿಷಿಗನ್, ಲಕ್ಷ ಜನ ಕೂರುವ ಸ್ಟೇಡಿಯಂ. ಅದರ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ನಾನು ಹೇಳಹೊರಟಿರುವುದು ಸಣ್ಣ ಕಾಲೇಜುಗಳ ಆಟದ ವಿಷಯ, ಅದರಲ್ಲೂ ಡಿವಿಷನ್ ತ್ರೀ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಈ ಒಂದು ವಿಭಾಗದಲ್ಲೇ ಫುಟ್‌ಬಾಲ್ ಆಡುವ ಕಾಲೇಜುಗಳು ಸುಮಾರು 240 ಇವೆ. ಆಟಕ್ಕೆಂದು ಯಾರಿಗೂ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಹುಡುಗರು ಎಲ್ಲರಂತೆ ಫೀಸ್ ಕಟ್ಟಿ ಓದುತ್ತಾರೆ, ಸಂಜೆ ಪ್ರಾಕ್ಟೀಸ್ ಮಾಡುತ್ತಾರೆ, ಶನಿವಾರ ಆಡುತ್ತಾರೆ.

ನಾನಿರುವುದು ಮಿನೆಸೋಟದಲ್ಲಿ. ಪಕ್ಕದ ಮನೆಯವರು ರಿಟೈರ್ ಆದ ಮೇಷ್ಟ್ರು, ಕಾಲೇಜ್‌ವಿಲ್‌ನ ಸೇಂಟ್ ಜಾನ್ಸ್‌ನಲ್ಲಿ ಓದಿದವರು. ಸೆಪ್ಟೆಂಬರ್ ಬಂತೆಂದರೆ ಶನಿವಾರ ಬೆಳಿಗ್ಗೆ ಅವರ ಮೈಮೇಲೆ ಕೆಂಪು ಸ್ವೆಟರ್ ಇರಲೇಬೇಕು. ನನಗೆ ಈ ಹುಚ್ಚು ಹತ್ತಿದ್ದು ಅವರಿಂದಲೇ. ಆಟ ನೋಡುವುದು ಕಷ್ಟವಲ್ಲ. ಅಭಿಮಾನಿಗಳ ಮಧ್ಯೆ ಕೂತಾಗ ಅವರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಸಿಡುಕುತ್ತಾರೆ ಅಂತ ತಿಳಿಯುವುದೇ ಕಷ್ಟ. ಹಾಗಾಗಿ ಇದು ಆಟ ಕಲಿಸುವ ಬರಹ ಅಲ್ಲ, ಹರಟೆ ಕಲಿಸುವ ಬರಹ.

ನಿಯಮ ಇಷ್ಟು ಗೊತ್ತಿದ್ದರೆ ಸಾಕು. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಚೆಂಡು ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದು ಟಚ್‌ಡೌನ್, 6 ಅಂಕ. ಅದಾದ ಮೇಲೆ ಚೆಂಡನ್ನು ಕಂಬಗಳ ಮಧ್ಯೆ ಒದ್ದರೆ ಇನ್ನೊಂದು ಅಂಕ. ಒದೆಯದೆ ಓಡಿಯೋ ಎಸೆದೋ ಮತ್ತೆ ಗೆರೆ ದಾಟಿದರೆ ಎರಡು. ಟಚ್‌ಡೌನ್ ಇಲ್ಲದೆ ನೇರವಾಗಿ ಕಂಬಗಳ ಮಧ್ಯೆ ಒದ್ದರೆ ಅದು ಫೀಲ್ಡ್ ಗೋಲ್, ಅದಕ್ಕೆ 3. ಆ ಒಂದು ಮತ್ತು ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಂಡಕ್ಕಿಂತ ಮೊದಲು ಜಿದ್ದು

ಹೊಸಬರು ಸಾಮಾನ್ಯವಾಗಿ ಚಾಂಪಿಯನ್ ತಂಡ ಯಾವುದು ಅಂತ ನೋಡಿ ಅದನ್ನೇ ಹಿಡಿದುಕೊಳ್ಳುತ್ತಾರೆ. ನನ್ನ ಕೇಳಿದರೆ ಅದು ಬೇಡ. ಒಂದು ಜಿದ್ದನ್ನು ಆರಿಸಿಕೊಳ್ಳಿ. ಯಾಕೆಂದರೆ ಲೆಕ್ಕ ಸರಳ: 240ರಲ್ಲಿ ಪ್ಲೇಆಫ್‌ಗೆ, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ನಾಕೌಟ್ ಸುತ್ತುಗಳಿಗೆ, ಹೋಗುವುದು 40 ತಂಡ. ಉಳಿದವರ ಸೀಸನ್ ನವೆಂಬರ್ ಮಧ್ಯಕ್ಕೆ ಮುಗಿಯುತ್ತದೆ. ಅವರಲ್ಲಿ ಎಷ್ಟೋ ಜನರಿಗೆ ಹಳೇ ಎದುರಾಳಿಯ ಮೇಲೆ ಆಡುವ ಆ ಒಂದು ಶನಿವಾರವೇ ಇಡೀ ವರ್ಷ. ಅಲ್ಲಿ ಗೆದ್ದರೆ ಉಳಿದ ಸೋಲುಗಳನ್ನು ಯಾರೂ ಎತ್ತುವುದಿಲ್ಲ.

ಶುರು ಮಾಡಲು ನಾನು ಎಲ್ಲರಿಗೂ ಹೇಳುವುದು ಇಂಡಿಯಾನಾದ ಮೊನೊನ್ ಬೆಲ್. ವಾಬಾಷ್ ಮತ್ತು ಡಿಪಾ. ಮೊದಲು ಆಡಿದ್ದು 1890ರಲ್ಲಿ. ಗೆದ್ದವರಿಗೆ ಸಿಗುವುದು ಕಪ್ ಅಲ್ಲ, ಮೊನೊನ್ ರೈಲ್ವೆಯ ಎಂಜಿನ್‌ನಿಂದ ತೆಗೆದ ಒಂದು ಗಂಟೆ. ಸುಮಾರು 300 ಪೌಂಡ್ ತೂಕ, ಅಂದರೆ 135 ಕಿಲೋಗಿಂತ ಜಾಸ್ತಿ. 1932ರಿಂದ ಆ ಗಂಟೆ ಎರಡು ಕಾಲೇಜುಗಳ ನಡುವೆ ಓಡಾಡುತ್ತಿದೆ. ಓಡಾಡುತ್ತಿದೆ ಅಂದೆ, ಆದರೆ ಗೆದ್ದು ಒಯ್ದದ್ದಷ್ಟೇ ಅಲ್ಲ, ಕದ್ದು ಒಯ್ದದ್ದೂ ಎಷ್ಟೋ ಸಲ! 1960ರ ದಶಕದಲ್ಲಿ ವಾಬಾಷ್ ವಿದ್ಯಾರ್ಥಿಯೊಬ್ಬ ಮೆಕ್ಸಿಕೋ ಕಡೆಯ ಗಣ್ಯನಂತೆ ನಟಿಸಿ, ಡಿಪಾದವರ ಬಾಯಿಂದಲೇ ಗಂಟೆ ಎಲ್ಲಿದೆ ಅಂತ ತಿಳಿದುಕೊಂಡ ಕಥೆಯನ್ನು ವಾಬಾಷ್‌ನವರು ಇವತ್ತಿಗೂ ಚಪ್ಪರಿಸಿಕೊಂಡು ಹೇಳುತ್ತಾರೆ. ವಾಬಾಷ್‌ನಲ್ಲಿ ಹುಡುಗರು ಮಾತ್ರ ಓದುತ್ತಾರೆ, ಒಟ್ಟು ಸಾವಿರವೂ ಇಲ್ಲ. ಅಷ್ಟು ಸಣ್ಣ ಕಾಲೇಜಿಗೆ ಇಷ್ಟು ದೊಡ್ಡ ಜಗಳ. ಎರಡೂ ಒಂದೇ ಕಾನ್ಫರೆನ್ಸ್‌ನಲ್ಲಿ, ಅಂದರೆ ತಮ್ಮತಮ್ಮಲ್ಲೇ ಲೀಗ್ ಆಡುವ ಕಾಲೇಜುಗಳ ಒಂದೇ ಗುಂಪಿನಲ್ಲಿ, ಇರುವುದರಿಂದ ಕೆಲವು ವರ್ಷ ಗಂಟೆಯೂ ಪ್ಲೇಆಫ್ ಟಿಕೆಟ್ಟೂ ಒಂದೇ ಮಧ್ಯಾಹ್ನ ತೀರ್ಮಾನವಾಗುತ್ತವೆ. ಅಂಥ ವರ್ಷ ಸಿಕ್ಕರೆ ಬಿಡಬೇಡಿ.

ಜನಸಾಗರ ಇಷ್ಟವಾದರೆ ನ್ಯೂಯಾರ್ಕ್ ರಾಜ್ಯದ ಕೋರ್ಟಕಾ ಜಗ್ ನೋಡಿ. ಇಥಾಕಾ ಮತ್ತು ಕಾರ್ಟ್‌ಲ್ಯಾಂಡ್, ಅಕ್ಕಪಕ್ಕದ ಊರುಗಳು, 1959ರಿಂದ ಒಂದು ಜಗ್‌ಗಾಗಿ ಹೊಡೆದಾಡುತ್ತಿವೆ. 2019ರಲ್ಲಿ ಈ ಆಟವನ್ನು ಮೆಟ್‌ಲೈಫ್ ಸ್ಟೇಡಿಯಂನಲ್ಲಿ ಇಟ್ಟರು. ಪ್ರೊಫೆಷನಲ್ ತಂಡಗಳಾದ ಜೈಂಟ್ಸ್, ಜೆಟ್ಸ್ ಆಡುವ ಜಾಗ. ಬಂದವರು 45,161 ಜನ. ಡಿವಿಷನ್ ತ್ರೀಯ ಒಂದು ಆಟಕ್ಕೆ! ಹಳತೇ ಬೇಕು ಅನ್ನುವವರಿಗೆ ಆಮ್‌ಹರ್ಸ್ಟ್ ಮತ್ತು ವಿಲಿಯಮ್ಸ್ ಇವೆ, 1884ರಿಂದ. ದಶಕಗಟ್ಟಲೆ ಅವರ ಕಾನ್ಫರೆನ್ಸ್‌ನ ತಂಡಗಳು ಫುಟ್‌ಬಾಲ್ ಪ್ಲೇಆಫ್ ಕಡೆ ತಲೆ ಹಾಕಿಯೂ ಮಲಗಲಿಲ್ಲ. ವರ್ಜೀನಿಯಾದ ಹ್ಯಾಂಪ್ಡನ್-ಸಿಡ್ನಿ ಮತ್ತು ರಾಂಡಾಲ್ಫ್-ಮೇಕನ್ ಆಟಕ್ಕೆ ಅವರಿಟ್ಟ ಹೆಸರೇ 'ದಿ ಗೇಮ್'. ಬೇರೆ ಆಟಗಳೆಲ್ಲ ಆಟವೇ ಅಲ್ಲ ಅನ್ನುವ ಧಾಟಿ.

ನಮ್ಮ ಮಿನೆಸೋಟಕ್ಕೆ ಬಂದರೆ ಸ್ವಲ್ಪ ಎಚ್ಚರ. ಇಲ್ಲಿ ಟಾಮಿ-ಜಾನಿ ಅಂತ ಒಂದು ಆಟವಿತ್ತು. ಸೇಂಟ್ ಥಾಮಸ್‌ನವರು ಟಾಮಿಗಳು, ಸೇಂಟ್ ಜಾನ್ಸ್‌ನವರು ಜಾನಿಗಳು. 1901ರಲ್ಲಿ ಶುರುವಾದದ್ದು. 2017ರಲ್ಲಿ ಮಿನಿಯಾಪೊಲಿಸ್‌ನ ಬೇಸ್‌ಬಾಲ್ ಮೈದಾನ ಟಾರ್ಗೆಟ್ ಫೀಲ್ಡ್‌ನಲ್ಲಿ 37,355 ಜನರ ಮುಂದೆ ಆಡಿದರು. ಮೆಟ್‌ಲೈಫ್ ಆಟ ಬರುವ ತನಕ ಅದೇ ದಾಖಲೆ. 2019ರಲ್ಲಿ ಕಾನ್ಫರೆನ್ಸ್‌ನ ಉಳಿದ ಕಾಲೇಜುಗಳು ಸೇಂಟ್ ಥಾಮಸ್ ತೀರಾ ದೊಡ್ಡದಾಯಿತು, ಉಳಿದವರಿಗೆ ಸರಿಸಾಟಿ ಅಲ್ಲ ಅಂತ ಅದನ್ನು ಹೊರಗೆ ಕಳಿಸಿದವು. 2021ರಲ್ಲಿ ಅದು ನೇರ ಡಿವಿಷನ್ ಒನ್‌ಗೆ ಹಾರಿತು. ಜಿದ್ದು ಅಲ್ಲಿಗೆ ನಿಂತಿತು. ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಇದನ್ನು ಎತ್ತಿದರೆ ಮೊದಲು ಐದು ನಿಮಿಷ ಟಾಮಿಗಳಿಗೆ ಬೈಗುಳ, ಆಮೇಲೆ ಅರ್ಧ ಗಂಟೆ ಅವರಿಲ್ಲದ ಬೇಜಾರು. ಈ ವಿಷಯದಲ್ಲಿ ತಮಾಷೆ ಮಾಡಬೇಡಿ. ಸುಮ್ನೆ ಕೇಳಿಸಿಕೊಳ್ಳಿ.

ಬ್ರಾಕೆಟ್ ಅಂದರೆ ಭೂಪಟ

ನವೆಂಬರ್ ಮಧ್ಯದ ಭಾನುವಾರ ಪ್ಲೇಆಫ್ ಪಟ್ಟಿ ಬರುತ್ತದೆ. ಯಾರು ಯಾರ ಮೇಲೆ ಅಂತ ತೋರಿಸುವ ಈ ಪಟ್ಟಿಗೇ ಬ್ರಾಕೆಟ್ ಅನ್ನುವುದು. 2005ರಿಂದ 32 ತಂಡ ಇದ್ದದ್ದು 2024ರಲ್ಲಿ 40 ಆಯಿತು. ಅದರಲ್ಲಿ 24 ತಂಡಕ್ಕೆ ಮೊದಲ ವಾರ ರಜೆ. ಉಳಿದ 16 ತಂಡ ಆಡಿ, ಗೆದ್ದ ಎಂಟು ತಂಡ ಅವರನ್ನು ಸೇರಿಕೊಳ್ಳುತ್ತವೆ. ಸೋತರೆ ಮನೆಗೆ. ಫೈನಲ್ ಒಂದನ್ನು ಬಿಟ್ಟು ಎಲ್ಲ ಆಟವೂ ಯಾವುದಾದರೂ ಕಾಲೇಜಿನ ಸ್ವಂತ ಮೈದಾನದಲ್ಲೇ.

ಕಾನ್ಫರೆನ್ಸ್ ಗೆದ್ದವರಿಗೆ ನೇರ ಪ್ರವೇಶ. ಗೆಲ್ಲದ ಒಳ್ಳೆಯ ತಂಡಗಳಿಗೆ ಉಳಿದ ಕೆಲವೇ ಜಾಗ. ಹಳಬರು ಈ ಜಾಗಗಳನ್ನು 'ಪೂಲ್ ಸಿ' ಅನ್ನುತ್ತಾರೆ. ಯಾರಾದರೂ 'ನಮ್ಮದು ಪೂಲ್ ಸಿ ಆಗಬಹುದು' ಅಂದರೆ, ನಾವು ಕಾನ್ಫರೆನ್ಸ್ ಕಳೆದುಕೊಂಡೆವು, ಈಗ ದೇವರೇ ಗತಿ ಅಂತ ಅರ್ಥ. ಮೊದಲು ಒಂದು ಸಮಿತಿ ಕೂತು ಆರಿಸುತ್ತಿತ್ತು. 2024ರಿಂದ ಎನ್‌ಪಿಐ ಅನ್ನುವ ಲೆಕ್ಕ ಬಂದಿದೆ. ಗೆಲುವು ಸೋಲಿನ ಜೊತೆ ಎದುರಾಳಿ ಎಷ್ಟು ಗಟ್ಟಿ ಅನ್ನುವುದನ್ನೂ ಸೇರಿಸಿ ಅಂಕ ಕೊಡುತ್ತದೆ. ಜಗಳ ನಿಂತಿತು ಅಂದುಕೊಂಡಿರಾ? ಇಲ್ಲ, ಮೊದಲು ಸಮಿತಿಯನ್ನು ಬೈಯುತ್ತಿದ್ದರು, ಈಗ ಸೂತ್ರವನ್ನು ಬೈಯುತ್ತಾರೆ.

ಹೊಸಬರಿಗೆ ಅರ್ಥವಾಗದ ವಿಷಯ ಒಂದಿದೆ: ಯಾರು ಯಾರ ಮೇಲೆ ಆಡುತ್ತಾರೆ ಅನ್ನುವುದನ್ನು ಎಷ್ಟೋ ಸಲ ಬಸ್ಸು ನಿರ್ಧರಿಸಿದೆ. ಪ್ಲೇಆಫ್ ಪ್ರಯಾಣದ ಖರ್ಚು ಎನ್‌ಸಿಎಎಯದ್ದು. ವಿಮಾನಕ್ಕೆ ದುಡ್ಡು ಜಾಸ್ತಿ. ಹಾಗಾಗಿ ಬಹಳ ವರ್ಷ 500 ಮೈಲಿಯೊಳಗಿನ ತಂಡಗಳನ್ನು ಹುಡುಕಿ ಮೊದಲ ಸುತ್ತುಗಳಿಗೆ ಜೋಡಿ ಮಾಡುತ್ತಿದ್ದರು. ಒಹಾಯೊ, ಪೆನ್ಸಿಲ್ವೇನಿಯಾ ಕಡೆ ತಂಡಗಳಿಗೆ ಬರವಿಲ್ಲ, ಅಲ್ಲಿ ತೊಂದರೆ ಇರಲಿಲ್ಲ. ಟೆಕ್ಸಸ್ ಕಥೆ ಬೇರೆ. ಅಲ್ಲಿ ಮೇರಿ ಹಾರ್ಡಿನ್-ಬೇಲರ್ ಮತ್ತು ಹಾರ್ಡಿನ್-ಸಿಮನ್ಸ್ ಒಂದೇ ಕಾನ್ಫರೆನ್ಸ್. ಸೀಸನ್‌ನಲ್ಲಿ ಒಮ್ಮೆ ಆಡಿ, ಪ್ಲೇಆಫ್ ಮೊದಲ ಸುತ್ತಿನಲ್ಲೇ ಮತ್ತೆ ಎದುರುಬದುರು. ದೇಶದ ಅತಿ ಗಟ್ಟಿ ತಂಡಗಳಲ್ಲಿ ಎರಡು, ಒಂದು ಮೊದಲ ವಾರವೇ ಔಟ್. ಇಂಥ ದೂರದ ತಂಡಗಳನ್ನು ಅಭಿಮಾನಿಗಳು 'ಐಲ್ಯಾಂಡ್' ಅನ್ನುತ್ತಾರೆ. ಆದ್ದರಿಂದ ಪಟ್ಟಿ ಬಂದ ದಿನ ಭೂಪಟ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಯಾವ ಊರಿಂದ ಯಾವ ಊರಿಗೆ ಎಷ್ಟು ದೂರ ಅಂತ ನೋಡಿ. ಸುತ್ತಲಿನವರು ಯಾಕೆ ಕೂಗಾಡುತ್ತಿದ್ದಾರೆ ಅಂತ ಅರ್ಧ ತಿಳಿಯುತ್ತದೆ.

ಆದರೂ ಮನೆ ಮೈದಾನ ಸಿಗದಿದ್ದರೆ ಮುಗಿಯಿತು ಅಂತೇನಿಲ್ಲ. ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಲೂಥರನ್ 1999ರಲ್ಲಿ ಪ್ಲೇಆಫ್‌ನ ಒಂದು ಆಟವನ್ನೂ ಮನೆಯಲ್ಲಿ ಆಡದೆ, ಐದೂ ಗೆದ್ದು ಚಾಂಪಿಯನ್ ಆಯಿತು. ಪಶ್ಚಿಮದವರ ಹತ್ತಿರ ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ.

ನೇರಳೆ ಬಣ್ಣದ ಇತಿಹಾಸ

ಫೈನಲ್‌ಗೆ ಸ್ಟ್ಯಾಗ್ ಬೌಲ್ ಅಂತ ಹೆಸರು. 1993ರಿಂದ 2017ರವರೆಗೆ ವರ್ಜೀನಿಯಾದ ಸೇಲಂನಲ್ಲೇ ನಡೆಯುತ್ತಿತ್ತು. ಅದಕ್ಕೇ ಹಳಬರು 'ಫೈನಲ್‌ಗೆ ಹೋದೆವು' ಅನ್ನದೆ 'ಸೇಲಂಗೆ ಹೋದೆವು' ಅನ್ನುತ್ತಾರೆ.

ಎರಡು ಹೆಸರು ಗೊತ್ತಿರಲೇಬೇಕು. ಒಹಾಯೊದ ಮೌಂಟ್ ಯೂನಿಯನ್, 13 ಸಲ ಚಾಂಪಿಯನ್. ಅದರಲ್ಲಿ 11 ಲ್ಯಾರಿ ಕೆಹ್ರೆಸ್ ಕೋಚ್ ಆಗಿದ್ದಾಗ. ಅವರ ದಾಖಲೆ 332 ಗೆಲುವು, 24 ಸೋಲು, 3 ಟೈ. ಇನ್ನೊಂದು ವಿಸ್ಕಾನ್ಸಿನ್-ವೈಟ್‌ವಾಟರ್, ಆರು ಸಲ. 2005ರಿಂದ 2011ರವರೆಗೆ ಸತತ ಏಳು ಫೈನಲ್‌ನಲ್ಲಿ ಇವರಿಬ್ಬರೇ! 2005ರಿಂದ 2015ರವರೆಗೆ ಬೇರೆ ಯಾರೂ ಗೆಲ್ಲಲೇ ಇಲ್ಲ. ಎರಡಕ್ಕೂ ನೇರಳೆ ಜರ್ಸಿ. ಆ ಕಾಲದಲ್ಲಿ ಬೇರೆ ಬಣ್ಣದವರಿಗೆ ಆದ ಹೊಟ್ಟೆಯುರಿ ಇನ್ನೂ ಪೂರ್ತಿ ಆರಿಲ್ಲ.

ಜಾನಿಗಳ ಮುಂದೆ ಮೌಂಟ್ ಯೂನಿಯನ್ ಹೆಸರು ಬಂದರೆ ತಕ್ಷಣ '2003' ಅನ್ನಿ. ಮುಖ ಅರಳುತ್ತದೆ. ಸತತ 55 ಆಟ ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ಅನ್ನು ಆ ವರ್ಷದ ಫೈನಲ್‌ನಲ್ಲಿ ಸೇಂಟ್ ಜಾನ್ಸ್ 24–6ರಿಂದ ಸೋಲಿಸಿತು. ಕೋಚ್ ಜಾನ್ ಗಾಗ್ಲಿಯಾರ್ಡಿ. 489 ಗೆಲುವು, ಕಾಲೇಜ್ ಫುಟ್‌ಬಾಲ್‌ನಲ್ಲೇ ಅತಿ ಹೆಚ್ಚು. ಈ ಮನುಷ್ಯ ಪ್ರಾಕ್ಟೀಸ್‌ನಲ್ಲಿ ಟ್ಯಾಕಲ್ (ಎದುರಿನವನನ್ನು ಹಿಡಿದು ಕೆಡವುವುದು) ಮಾಡಿಸುತ್ತಿರಲಿಲ್ಲ, ಸೀಟಿ ಊದುತ್ತಿರಲಿಲ್ಲ, ಹುಡುಗರು ತನ್ನನ್ನು ಕೋಚ್ ಅನ್ನಬಾರದು, ಜಾನ್ ಅಂತಲೇ ಕರೆಯಬೇಕು ಅನ್ನುತ್ತಿದ್ದರು. ಮೇಷ್ಟ್ರ ಹೆಸರು ಹಿಡಿದು ಕೂಗುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಈಚಿನ ವರ್ಷಗಳಲ್ಲಿ ಇಲಿನಾಯ್‌ನ ನಾರ್ತ್ ಸೆಂಟ್ರಲ್ ಮೇಲೆ ಬಂದಿದೆ. 2019, 2022, 2024ರಲ್ಲಿ ಗೆದ್ದಿತು.

ವಾದ ಮಾಡುವ ಬಗೆ

ಎ ತಂಡ ಬಿಯನ್ನು 20 ಅಂಕದಿಂದ ಸೋಲಿಸಿತು, ಬಿ ತಂಡ ಸಿಯನ್ನು 10ರಿಂದ ಸೋಲಿಸಿತು, ಅಂದಮೇಲೆ ಎ ಸಿಯನ್ನು 30ರಿಂದ ಸೋಲಿಸುತ್ತದೆ: ಈ ಲೆಕ್ಕ ಹೇಳಿದ ಕ್ಷಣ ನೀವು ಹೊಸಬರು ಅಂತ ಗೊತ್ತಾಗಿಬಿಡುತ್ತದೆ. ಸಣ್ಣ ಕಾಲೇಜಿನಲ್ಲಿ ಚೆಂಡು ಎಸೆದು ಆಟ ನಡೆಸುವ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಪೆಟ್ಟಾದರೆ ತಂಡವೇ ಬೇರೆಯಾಗುತ್ತದೆ. ಅದರ ಬದಲು 'ಅವತ್ತು ಯಾರು ಆಡಿರಲಿಲ್ಲ?' ಅಂತ ಕೇಳಿ. ಎದುರಿನವರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಕಾಲೇಜಿನ ಗಾತ್ರದ ವಾದವನ್ನು ಎತ್ತುವ ಮುಂಚೆ ಯಾರ ಜೊತೆ ಕೂತಿದ್ದೀರಿ ಅಂತ ನೋಡಿ. ವೈಟ್‌ವಾಟರ್ ಸರ್ಕಾರಿ ವಿಶ್ವವಿದ್ಯಾಲಯ, ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಖಾಸಗಿ ಕಾಲೇಜುಗಳವರು 'ಇದೆಂಥಾ ನ್ಯಾಯ' ಅನ್ನುತ್ತಾರೆ. ವಿಸ್ಕಾನ್ಸಿನ್‌ನವರು 'ಸುಮಾರು ಎರಡು ಸಾವಿರ ಮಕ್ಕಳ ಮೌಂಟ್ ಯೂನಿಯನ್ 13 ಸಲ ಹೇಗೆ ಗೆದ್ದಿತು ಹಾಗಾದರೆ?' ಅನ್ನುತ್ತಾರೆ. ನನಗೆ ಎರಡನೆಯವರ ಮಾತೇ ಸರಿ ಅನ್ನಿಸುತ್ತದೆ.

ಮಾತು ಸೊರಗಿದರೆ 2023ರ ಫೈನಲ್ ತೆಗೆಯಿರಿ. ಕಾರ್ಟ್‌ಲ್ಯಾಂಡ್ 38–31ರಿಂದ ಮುಂದಿತ್ತು. ಕೊನೆ ಎರಡು ನಿಮಿಷದೊಳಗೆ ನಾರ್ತ್ ಸೆಂಟ್ರಲ್ ಟಚ್‌ಡೌನ್ ಹೊಡೆದು 38–37 ಮಾಡಿತು. ಒದ್ದಿದ್ದರೆ ಸಮ. ಅವರು ಒದೆಯಲಿಲ್ಲ, ಎರಡಕ್ಕೆ ಹೋದರು. ಸಿಗಲಿಲ್ಲ. ಕಾರ್ಟ್‌ಲ್ಯಾಂಡ್ ಮೊದಲ ಸಲ ಚಾಂಪಿಯನ್. ಹೋಗಬೇಕಿತ್ತಾ, ಬೇಡವಾ? ನಾನು ಹೋಗಬೇಕಿತ್ತು ಅನ್ನುವ ಗುಂಪು. ಮೂರು ಗಜ ದಾಟಲು ನಿಮ್ಮ ಹುಡುಗರ ಮೇಲೆ ನಂಬಿಕೆ ಇಲ್ಲದಿದ್ದರೆ ಓವರ್‌ಟೈಮ್‌ನಲ್ಲಿ ಎಲ್ಲಿಂದ ಬರುತ್ತದೆ? ಮೇಷ್ಟ್ರು ಒಪ್ಪುವುದಿಲ್ಲ, ಒದ್ದು ಉಸಿರು ತಗೊಬೇಕಿತ್ತು ಅನ್ನುತ್ತಾರೆ.

ಮೈದಾನಕ್ಕೇ ಹೋದರೆ ನಾಲಿಗೆ ಹಿಡಿತದಲ್ಲಿರಲಿ. ಪ್ರೊಫೆಷನಲ್ ಆಟದಲ್ಲಿ ಬೈದಂತೆ ಇಲ್ಲಿ ಬೈಯುವಂತಿಲ್ಲ. ಚೆಂಡು ಕೈಬಿಟ್ಟ ಹುಡುಗನ ಅಮ್ಮ ನಿಮ್ಮ ಪಕ್ಕದಲ್ಲೇ, ಅವನ ನಂಬರಿನ ಬ್ಯಾಡ್ಜ್ ಹಾಕಿಕೊಂಡು ಕೂತಿರುತ್ತಾರೆ. ರೆಫರಿಯನ್ನು ಬೈಯಬಹುದು, ಅದಕ್ಕೆ ಆ ಅಮ್ಮನೇ ಜೊತೆ ಕೊಡುತ್ತಾರೆ. ಆಟಕ್ಕೆ ಮುಂಚೆ ಪಾರ್ಕಿಂಗ್ ಜಾಗದಲ್ಲಿ ಕಾರಿನ ಹಿಂಬಾಗಿಲು ತೆರೆದಿಟ್ಟು ತಿನ್ನುವ ಟೇಲ್‌ಗೇಟ್ ನಡೆಯುತ್ತದಲ್ಲ, ಅಲ್ಲಿ ಎದುರಾಳಿ ಬಣ್ಣ ಹಾಕಿದವರನ್ನೂ ಕರೆದು ತಿನ್ನಿಸುತ್ತಾರೆ. ಕರೆದರೆ ಹೋಗಿ.

ದೂರದಲ್ಲಿ ಇರುವವರಿಗೆ: ಸೀಸನ್‌ನಲ್ಲಿ ಹೆಚ್ಚಿನ ಕಾಲೇಜುಗಳು ತಮ್ಮ ವೆಬ್‌ಸೈಟ್‌ನಲ್ಲೇ ಲೈವ್ ಹಾಕುತ್ತವೆ. ನವೆಂಬರ್‌ನಲ್ಲಿ ಇಲ್ಲಿನ ಸೆಂಟ್ರಲ್ ಟೈಮ್ ಮಧ್ಯಾಹ್ನ 12 ಅಂದರೆ ಭಾರತದಲ್ಲಿ ರಾತ್ರಿ 11.30. ಫೈನಲ್ ಈಗ ಜನವರಿಗೆ ಹೋಗಿದೆ. 2024ರ ಸೀಸನ್‌ನ ಸ್ಟ್ಯಾಗ್ ಬೌಲ್ 2025ರ ಜನವರಿ 5ರಂದು ಹ್ಯೂಸ್ಟನ್‌ನಲ್ಲಿ ನಡೆಯಿತು.

ಹತ್ತಿರ ಇರುವವರು ಪ್ಲೇಆಫ್‌ಗೆ ಹೊರಡುವ ಮುಂಚೆ ಟಿಕೆಟ್ ಬೇರೆಯಾಗಿ ತೆಗೆದುಕೊಳ್ಳಿ, ಕಾಲೇಜಿನ ಸೀಸನ್ ಪಾಸ್ ಅಲ್ಲಿ ನಡೆಯುವುದಿಲ್ಲ. ಏರ್ ಹಾರ್ನ್, ತಮಟೆ ಥರದ ಸದ್ದಿನ ಸಾಮಾನು ಎನ್‌ಸಿಎಎ ಒಳಗೆ ಬಿಡುವುದಿಲ್ಲ. ಮಿನೆಸೋಟ, ವಿಸ್ಕಾನ್ಸಿನ್ ಕಡೆಯ ಆಟವಾದರೆ ಕೂರಲು ಒಂದು ದಪ್ಪ ಕಂಬಳಿ ಒಯ್ಯಿರಿ. ಡಿಸೆಂಬರ್‌ನ ಅಲ್ಯೂಮಿನಿಯಂ ಬೆಂಚಿನ ಮೇಲೆ ಬರೀ ಜೀನ್ಸ್ ಸಾಕಾಗುವುದಿಲ್ಲ.