ಸಮುದ್ರದ ಕಯಾಕ್‌ಗೆ ಯಾವ ಬಟ್ಟೆ?
ನಾರಿನ ಬಟ್ಟೆಗೆ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟುದ್ರವ) ಹಚ್ಚಿ ಸಮುದ್ರಕ್ಕೆ ಕಯಾಕ್ (ಹುಟ್ಟು ಹಾಕುವ ಕಿರಿದಾದ ದೋಣಿ) ಕಟ್ಟುವವರು ಪೂರ್ತಿ ಕಾರ್ಬನ್ ಫೈಬರ್‌ಗೆ ಹೋಗಬೇಡಿ. ಅದು ಹಗುರ, ಗಟ್ಟಿ, ನಿಜ. ಆದರೆ ಬಂಡೆಗೆ ಬಡಿದರೆ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ನನ್ನ ಆಯ್ಕೆ ಹೊರಗೆ ಗ್ಲಾಸ್ ಬಟ್ಟೆ (ಗಾಜಿನ ನಾರಿನದು), ಒಳಗೆ ಕೆವ್ಲಾರ್ (ಸುಲಭವಾಗಿ ಹರಿಯದ ಕೃತಕ ನಾರು). ಗ್ಲಾಸ್ ನಾರು ನೀರಿಗಿಂತ ಸುಮಾರು 2.5 ಪಟ್ಟು ಭಾರ, ಕೆವ್ಲಾರ್ ಬರೀ 1.44 ಪಟ್ಟು, ಹಾಗಾಗಿ ತೂಕ ಇಳಿಯುತ್ತದೆ, ಹೊರಪದರ ಒಡೆದರೂ ಒಳಗಿನದು ಹರಿಯದೆ ಹಿಡಿದುಕೊಳ್ಳುತ್ತದೆ. ಆದರೆ ಹೊರಪದರಕ್ಕೆ ಕೆವ್ಲಾರ್ ಬೇಡ. ಉಜ್ಜಿದರೆ ನುಣುಪಾಗುವುದಿಲ್ಲ, ನಾರು ಎದ್ದು ಹತ್ತಿಯ ಹಾಗೆ ನಿಲ್ಲುತ್ತದೆ, ಬಿಸಿಲಿಗೂ ಹಾಳಾಗುತ್ತದೆ. ರೆಸಿನ್ ಎಪಾಕ್ಸಿಯೇ ಇರಲಿ, ಪಾಲಿಯೆಸ್ಟರ್ ರೆಸಿನ್ ಕೆವ್ಲಾರ್‌ಗೆ ಸರಿಯಾಗಿ ಅಂಟುವುದಿಲ್ಲ. ಮತ್ತೆ ರೆಸಿನ್ ಜಾಸ್ತಿ ಸುರಿದರೆ ಬಲ ಬರುವುದಿಲ್ಲ, ಸುಮ್ನೆ ತೂಕ ಅಷ್ಟೇ. ಹೆಚ್ಚಾದದ್ದನ್ನು ಸ್ಕ್ವೀಜಿಯಿಂದ (ಒರೆಸಿ ತೆಗೆಯುವ ಚಪ್ಪಟೆ ಪಟ್ಟಿ) ಎಳೆದು ತೆಗೆಯಿರಿ, ನೇಯ್ಗೆಯ ಎಳೆಗಳು ಕಾಣಬೇಕು, ಮೇಲೆ ನೀರು ನಿಂತ ಹಾಗೆ ಹೊಳೆಯಬಾರದು.