ಒಂದು ಕ್ಯಾಮೆರಾ, ಒಂದು ಪೋಲರೈಸರ್, ಮೂರು ಗ್ರಹಣ

"ಚಿತ್ರ ಚೆನ್ನಾಗಿದೆ, ಆದರೆ ಇದು ಅಳತೆ ಅಲ್ಲ." 2017ರ ಗ್ರಹಣದ ನಂತರ ಎಲ್ಲರೂ ನನಗೆ ಹೇಳಿದ್ದು ಇದನ್ನೇ. ಮಾಮೂಲಿ ಡಿಎಸ್‌ಎಲ್‌ಆರ್ ಮುಂದೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ, ಅಂದರೆ ಧ್ರುವೀಕೃತ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ, ಕೈಯಲ್ಲೇ ತಿರುಗಿಸಿ, ಕರೋನಾದ, ಅಂದರೆ ಗ್ರಹಣದಲ್ಲಿ ಸೂರ್ಯನ ಸುತ್ತ ಕಾಣುವ ಬಿಳಿ ಪ್ರಭೆಯ ಎಲೆಕ್ಟ್ರಾನ್ ಸಾಂದ್ರತೆ ತೆಗೀತೀನಿ ಅಂದರೆ ನಕ್ಕರು. ಅಲ್ಲಿನ ಎಲೆಕ್ಟ್ರಾನ್‌ಗಳು ಚದುರಿಸುವ ಬೆಳಕು ಧ್ರುವೀಕೃತ, ಅದನ್ನು ಅಳೆದರೆ ಎಲೆಕ್ಟ್ರಾನ್ ಎಷ್ಟಿವೆ ಅಂತ ತಿಳಿಯುತ್ತದೆ. ಈಗ ಆ ಅಂಕಿ ಬಂದಿದೆ. ಅದಕ್ಕೇ ಬರೀತಿದ್ದೇನೆ.

ಮೊದಲು ದಂಡ ಕಟ್ಟಿದ ಕಥೆ. 2017ರಲ್ಲಿ ಅಮೆರಿಕದ ಒರೆಗಾನ್‌ನ ಮದ್ರಾಸ್‌ನಲ್ಲಿ 2 ನಿಮಿಷ ಸಿಕ್ಕಿತ್ತು. 0, 60, 120 ಡಿಗ್ರಿ, ಮೂರು ಕೋನದಲ್ಲೂ ಫೋಟೋ ತೆಗೆದೆ. ಒಳಗಿನ ಕರೋನಾ ಪೂರ್ತಿ ಬಿಳಿ, ಸ್ಯಾಚುರೇಟ್ ಆಗಿತ್ತು. ಅದಕ್ಕಿಂತ ದೊಡ್ಡ ತಪ್ಪು ಅಂದರೆ ಅದೇ ಸೆಟ್ಟಿಂಗ್‌ನಲ್ಲಿ ಎನ್‌ಡಿ ಫಿಲ್ಟರ್ (ಬೆಳಕನ್ನು ಗೊತ್ತಾದಷ್ಟು ಪಟ್ಟು ಇಳಿಸುವ ಗಾಜು) ಹಾಕಿ ಸೂರ್ಯಬಿಂಬವನ್ನೇ ತೆಗೆದುಕೊಂಡಿರಲಿಲ್ಲ. ಕರೋನಾದ ಹೊಳಪು ಬಿಂಬದ ಹೊಳಪಿನ ಎಷ್ಟನೇ ಪಾಲು ಅಂತ ಗೊತ್ತಿಲ್ಲದಿದ್ದರೆ ಸಾಂದ್ರತೆ ಎಲ್ಲಿಂದ ಬರಬೇಕು? ಆ ವರ್ಷದ ಉಳಿತಾಯವೆಲ್ಲ ವಿಮಾನದ ಟಿಕೆಟ್ಟಿಗೇ ಹೋಗಿತ್ತು.

2019ರಲ್ಲಿ ಚಿಲಿಯ ಎಲ್ಕಿ ಕಣಿವೆ. ಈ ಸಲ ಬಿಂಬದ ಫೋಟೋ ಮರೆಯಲಿಲ್ಲ, ಆದರೆ ತೆಗೆದದ್ದು ಮಧ್ಯಾಹ್ನ, ಖಗ್ರಾಸ ಆದದ್ದು ಸಂಜೆ, ಸೂರ್ಯ ದಿಗಂತದಿಂದ ಬರೀ 13 ಡಿಗ್ರಿ ಮೇಲಿದ್ದಾಗ. ಅಷ್ಟು ದಪ್ಪ ಗಾಳಿ ನುಂಗಿದ ಬೆಳಕನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಸುಮ್ನೆ ಭಾಗಿಸಿ, ಮೂರನೇ ಒಂದು ಭಾಗ ಕಡಿಮೆ ಬಂತಲ್ಲ ಅಂತ ಎರಡು ತಿಂಗಳು ತಲೆ ಕೆರೆದುಕೊಂಡೆ. ಜೊತೆಗೆ ಅಗ್ಗದ ಪೋಲರೈಸರ್. ತಿರುಗಿಸಿದಾಗ ಚಿತ್ರವೇ ಏಳೆಂಟು ಪಿಕ್ಸೆಲ್ ಸರಿಯುತ್ತಿತ್ತು. ಹಾಗೇ ಮೂರನ್ನೂ ಸೇರಿಸಿದರೆ ಚಂದ್ರನ ಅಂಚಿನಲ್ಲಿ ಸುಳ್ಳು ಧ್ರುವೀಕರಣದ ಉಂಗುರ. ಅದನ್ನು ನಿಜ ಅಂದುಕೊಂಡು ಇಬ್ಬರಿಗೆ ತೋರಿಸಿಯೂ ಇದ್ದೆ. ಈಗ ನೆನೆಸಿಕೊಂಡರೆ ನಾಚಿಕೆ.

ಮುಂದಿನ ನಾಲ್ಕೈದು ವರ್ಷ ಮನೆಯಲ್ಲೇ ಕೆಲಸ. ಪೋಲರೈಸರ್‌ನ ಕೋನ ಗುರುತು ಮಾಡಲು ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆ ಸಾಕು, ಅದರ ಬೆಳಕು ಹುಟ್ಟಿನಿಂದಲೇ ಧ್ರುವೀಕೃತ. ಬಿಳಿ ಪರದೆ ಪೂರ್ತಿ ಕಪ್ಪಾಗುವ ಜಾಗ ಹುಡುಕಿದರೆ ಆಯಿತು. ಎನ್‌ಡಿ 5 (ಬೆಳಕನ್ನು ಹತ್ತರ ಐದನೇ ಘಾತ, ಅಂದರೆ ಲಕ್ಷ ಪಟ್ಟು ಇಳಿಸುವುದು) ಅಂತ ಬರೆದ ಫಿಲ್ಟರನ್ನು ಕಣ್ಣು ಮುಚ್ಚಿ ನಂಬಬೇಡಿ. ನನ್ನದು ದೀಪದ ಮುಂದಿಟ್ಟು ಎಕ್ಸ್‌ಪೋಷರ್ ಬದಲಿಸುತ್ತಾ ಅಳೆದರೆ 4.8 ಬಂತು, ಅಂದರೆ ಉತ್ತರದಲ್ಲಿ ಒಂದೂವರೆ ಪಟ್ಟು ಮೀರಿ ವ್ಯತ್ಯಾಸ! ಕತ್ತಲಲ್ಲಿ, ನಡುಗುವ ಕೈಯಲ್ಲಿ ಫಿಲ್ಟರ್ ಸರಿಯಾದ ಕೋನಕ್ಕೆ ನಿಲ್ಲುವಂತೆ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಹೇಳಲ್ಲ, ಬೇಜಾರು ಮಾಡಿಕೊಳ್ಳಬೇಡಿ.

2024ರ ಏಪ್ರಿಲ್ 8, ಅಮೆರಿಕದ ಮೇನ್ ರಾಜ್ಯದ ಹೌಲ್ಟನ್. ನೆಲದಲ್ಲಿ ಹಿಮ, ಮೇಲೆ ಶುಭ್ರ ಆಕಾಶ, 3 ನಿಮಿಷ 20 ಸೆಕೆಂಡ್. ಪ್ರತಿ ಕೋನಕ್ಕೆ 1/1000ದಿಂದ 1 ಸೆಕೆಂಡಿನವರೆಗೆ ಏಳು ಎಕ್ಸ್‌ಪೋಷರ್, ಎರಡು ಸುತ್ತು. ಬಿಂಬದ ಫೋಟೋ ಗ್ರಹಣ ಶುರುವಾಗುವ ಮೊದಲು ಒಮ್ಮೆ, ಬಿಟ್ಟ ಮೇಲೆ ಒಮ್ಮೆ. ಉಳಿದ ಒಂದು ನಿಮಿಷ ಬರೀ ಕಣ್ಣಲ್ಲಿ ನೋಡಿದೆ, ಅದೂ ಬೇಕಲ್ವಾ.

ಆಕಾಶದ ಬೆಳಕನ್ನು ಕಳೆಯಲು ಚಂದ್ರನನ್ನೇ ಬಳಸಿದೆ. ಕಪ್ಪಾಗಿರಬೇಕಾದ ಅವನ ಮುಖದ ಮೇಲೆ ಕಾಣುವುದೆಲ್ಲ ಆಕಾಶದ್ದು, ಲೆನ್ಸಿನದು, ಸ್ವಲ್ಪ ಭೂಮಿಯಿಂದ ಹೋದ ಬೆಳಕು. ಮೂರು ಕೋನದಲ್ಲೂ ಬೇರೆ ಬೇರೆಯಾಗಿ ಕಳೆಯಬೇಕು, ಏಕೆಂದರೆ ಆಕಾಶವೂ ಧ್ರುವೀಕೃತ. ಸರಿಯಾಗಿದೆಯಾ ಅಂತ ಪರೀಕ್ಷೆ ಸುಲಭ: ಎಲೆಕ್ಟ್ರಾನ್ ಚದುರಿಸಿದ ಬೆಳಕಿನ ಧ್ರುವೀಕರಣ ಸೂರ್ಯನ ಅಂಚಿಗೆ ಸಮಾನಾಂತರವಾಗಿ ಸುತ್ತ ನಿಲ್ಲಬೇಕು. ಎಲ್ಲಾದರೂ ಓರೆಯಾದರೆ ಎಲ್ಲೋ ತಪ್ಪಿದೆ.

ನಡುವೆ ಒಂದು ಚಪಲ. ಎಲೆಕ್ಟ್ರಾನ್ ಬೆಳಕನ್ನು ಚದುರಿಸುವ ಥಾಮ್ಸನ್ ಚದುರುವಿಕೆಗೆ ಬಣ್ಣಭೇದ ಇಲ್ಲವಲ್ಲ, ಹಾಗಾದರೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಒಂದೇ ಉತ್ತರ ಬರಬೇಕು. ಕೆಂಪು, ಹಸಿರು ಹೊಂದಿದವು. ನೀಲಿ ಮಾತ್ರ 2 ಸೌರತ್ರಿಜ್ಯದಾಚೆ (ಸೂರ್ಯನ ಕೇಂದ್ರದಿಂದ ಅಳೆದದ್ದು) ಜಾಸ್ತಿ ತೋರಿಸಿತು. ಆಕಾಶ ಇನ್ನೂ ಪೂರ್ತಿ ಹೋಗಿರಲಿಲ್ಲ. ನೀಲಿಯನ್ನು ಬಿಟ್ಟೇಬಿಟ್ಟೆ.

ಆಮೇಲೆ ಖಗೋಳಶಾಸ್ತ್ರಜ್ಞ ವಾನ್ ಡಿ ಹುಲ್ಸ್ಟ್ 1950ರಲ್ಲಿ ಕೊಟ್ಟ ದಾರಿಯಲ್ಲಿ ಪಿಬಿಯಿಂದ (ಹೊಳಪಿನ ಧ್ರುವೀಕೃತ ಪಾಲಿನಿಂದ) ಸಾಂದ್ರತೆಗೆ ಬಂದೆ. ಎಫ್ ಕರೋನಾ, ಅಂದರೆ ಧೂಳು ಚದುರಿಸಿದ ಬೆಳಕು, ಈ ದೂರದಲ್ಲಿ ಹೆಚ್ಚು ಕಡಿಮೆ ಧ್ರುವೀಕರಣ ಇಲ್ಲದ್ದು, ತಾನೇ ಬಿದ್ದುಹೋಗುತ್ತದೆ. ನೆನಪಿನಿಂದ ಹೇಳುವುದಾದರೆ, 1.5 ತ್ರಿಜ್ಯದಲ್ಲಿ ಘನ ಸೆಂಟಿಮೀಟರಿಗೆ 2 ಕೋಟಿ ಚಿಲ್ಲರೆ ಎಲೆಕ್ಟ್ರಾನ್, 2 ತ್ರಿಜ್ಯದಲ್ಲಿ ಸುಮಾರು 35 ಲಕ್ಷ. ಕರೋನಾದ ಸರಾಸರಿ ಸಾಂದ್ರತೆಗೆ 1937ರ ಬಾಮ್‌ಬಾಕ್ ಸೂತ್ರ ಕೊಡುವುದು 1.4 ಕೋಟಿ ಮತ್ತು 24 ಲಕ್ಷ. ನಾನು ಅಳೆದದ್ದು ಸ್ಟ್ರೀಮರ್ (ಕರೋನಾದಲ್ಲಿ ಹೊರಚಾಚಿದ ದಟ್ಟ ಎಳೆ) ಮೇಲೆ, ಅದೂ ಸೂರ್ಯನ ಚಟುವಟಿಕೆ ಏರಿದ್ದ ವರ್ಷ. ಒಂದೂವರೆ ಪಟ್ಟು ಜಾಸ್ತಿ ಬಂದದ್ದು ನನಗೆ ತಪ್ಪಾಗಿ ಕಾಣಲಿಲ್ಲ. 2.5ರ ಆಚೆ ನನ್ನ ಅಂಕಿ ನಂಬಬೇಡಿ, ನಾನೂ ನಂಬಲ್ಲ.

ನಕ್ಕವರಲ್ಲಿ ಒಬ್ಬರು ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಕೇಳಿ ತೆಗೆದುಕೊಂಡು ತಾವೇ ಲೆಕ್ಕ ಹಾಕಿದರು. ಹತ್ತಿರ ಹತ್ತಿರ ಅದೇ ಬಂತಂತೆ.

ಖರ್ಚಿನ ಐದರಲ್ಲಿ ನಾಲ್ಕು ಪಾಲು ಪ್ರಯಾಣದ್ದೇ. ಮುಂದಿನ ಗುರಿ 2027ರ ಆಗಸ್ಟ್ 2, ಈಜಿಪ್ಟಿನ ಲಕ್ಸರ್. 6 ನಿಮಿಷಕ್ಕೂ ಜಾಸ್ತಿ, ಸೂರ್ಯ ಹೆಚ್ಚು ಕಡಿಮೆ ನೆತ್ತಿಯ ಮೇಲೆ. ತೊಂದರೆ ಏನಪ್ಪಾ ಅಂದರೆ ಅಷ್ಟು ಮೇಲೆತ್ತಿದರೆ ನನ್ನ ಕ್ಯಾಮೆರಾದ ಹಿಂಭಾಗ ಟ್ರೈಪಾಡ್ ಕಾಲಿಗೆ ತಾಗುತ್ತದೆ. ಸದ್ಯ ಅದನ್ನೇ ಸರಿಮಾಡುತ್ತಾ ಕೂತಿದ್ದೇನೆ.